ಇಶಾದ ಬಳಿಕ: ಒಂದು ದಾರ, ಐದು ಚೀಟಿ

ಇಶಾ ಅಝಾನ್ ಆಗಿ ಎರಡು ಗಂಟೆ ಕಳೆದಿರುತ್ತದೆ. ಆ ಹೊತ್ತಿನಲ್ಲಿ ನಮ್ಮ ಹೊಸಪೇಟೆಯ ಯಾವುದೇ ಮೊಹಲ್ಲಾದ ಓಣಿಯಲ್ಲಿ ನಡೆದು ನೋಡಿ. ಅರೆತೆರೆದ ಬಾಗಿಲುಗಳಿಂದ ಒಂದೇ ಬಗೆಯ ಮಾತು ಕೇಳಿಬರುತ್ತದೆ. “ಎಷ್ಟು ಸಲ ಹೇಳಬೇಕು? ಹಲ್ಲುಜ್ಜಿದೆಯಾ? ಆ ಮೊಬೈಲ್ ಕೆಳಗಿಡು. ಇನ್ನೂ ಮಲಗಲಿಲ್ಲವೇ?” ಕೂಗಿ ಕೂಗಿ ತಾಯಿ ದಣಿಯುತ್ತಾಳೆ. ಅತ್ತು ಅತ್ತು ಮಗು ನಿದ್ದೆಹೋಗುತ್ತದೆ. ಮರುದಿನ ಬೆಳಿಗ್ಗೆ ಅದೇ ಮನೆಯಲ್ಲಿ ಎಬ್ಬಿಸುವ ಕೂಗಾಟ ಆರಂಭವಾಗುತ್ತದೆ.

ನಾನು ಮದ್ರಸಾದಲ್ಲಿ ಬೆಳಗಿನ ತರಗತಿ ನಡೆಸುವವನು. ಪಾಠದ ನಡುವೆ ಕಿತಾಬಿನ ಮೇಲೆ ತಲೆಯಿಟ್ಟು ತೂಕಡಿಸುವ ಮಕ್ಕಳನ್ನು ದಿನವೂ ನೋಡುತ್ತೇನೆ. ಮೊದಲೆಲ್ಲ ಅವರನ್ನು ಗದರಿಸುತ್ತಿದ್ದೆ. ನನ್ನ ಸ್ವಂತ ಮಕ್ಕಳು ಬೆಳೆಯತೊಡಗಿದ ಮೇಲೆ, ಬೆಳಗಿನ ತೂಕಡಿಕೆಯ ತಪ್ಪು ಹಿಂದಿನ ರಾತ್ರಿಯದೆಂದೂ, ಆ ರಾತ್ರಿಯ ಹೊಣೆ ಹೆತ್ತವರದೆಂದೂ ಅರ್ಥವಾಯಿತು. ಮಲಗುವ ಹೊತ್ತಿನ ಕೆಲಸಗಳನ್ನು ಮಗು ತಾನಾಗಿಯೇ ಮಾಡುವಂತೆ ನೆರವಾಗುವ ಒಂದು ಚಿಕ್ಕ ಸಾಧನದ ಕುರಿತು ಈ ಪಾಠದಲ್ಲಿ ಹೇಳಲಿದ್ದೇನೆ. ಅದನ್ನು ಮಾಡಲು ಹತ್ತು ರೂಪಾಯಿಯೂ ಬೇಡ. ಆದರೆ ನಾನು ಮೊದಲು ಮಾಡಿದ ಸಾಧನ ನನ್ನ ಮಗಳಿಗೆ ಸುಳ್ಳು ಹೇಳಲು ಕಲಿಸಿತು. ಆದ್ದರಿಂದ ಆ ತಪ್ಪನ್ನೂ ಮರೆಮಾಚದೆ ಹೇಳಬೇಕಾಗಿದೆ.

ರಾತ್ರಿಗೂ ಒಂದು ಶಿಸ್ತು

ನಿದ್ದೆಯನ್ನು ಅಲ್ಲಾಹನು ವಿಶ್ರಾಂತಿಗಾಗಿ ಮಾಡಿರುವನೆಂದು ಪವಿತ್ರ ಕುರ್‌ಆನ್ ನೆನಪಿಸುತ್ತದೆ. ಸೂರಃ ಅನ್ನೂರ್‌ನಲ್ಲಿ, ಮಕ್ಕಳು ಹಿರಿಯರ ಕೋಣೆಗೆ ಅನುಮತಿ ಕೇಳಿಯೇ ಬರಬೇಕಾದ ಮೂರು ಹೊತ್ತುಗಳನ್ನು ಹೇಳಲಾಗಿದೆ. ಅವುಗಳಲ್ಲಿ ಒಂದು ಇಶಾ ನಮಾಝ್‌ನ ನಂತರದ ಹೊತ್ತು. ಅರ್ಥಾತ್, ಇಶಾದೊಂದಿಗೆ ಮನೆಯ ದಿನ ಮುಗಿಯುತ್ತದೆ, ಪ್ರತಿಯೊಬ್ಬರೂ ತಮ್ಮ ತಮ್ಮ ಜಾಗ ಸೇರುತ್ತಾರೆ ಎಂಬುದು ಅಲ್ಲಿ ಮೊದಲೇ ಗೃಹೀತವಾಗಿದೆ. ಪ್ರವಾದಿ(ಸ)ರು ಇಶಾಕ್ಕೆ ಮೊದಲು ಮಲಗುವುದನ್ನೂ ಅದರ ನಂತರ ಹರಟೆ ಹೊಡೆಯುವುದನ್ನೂ ಇಷ್ಟಪಡುತ್ತಿರಲಿಲ್ಲ (ಬುಖಾರಿ, ಮುಸ್ಲಿಮ್). ಕತ್ತಲಾವರಿಸುವಾಗ ಮಕ್ಕಳನ್ನು ಒಳಗೆ ಕರೆದುಕೊಳ್ಳಬೇಕೆಂದೂ, ಮಲಗುವ ಮುನ್ನ ಅಲ್ಲಾಹನ ಹೆಸರಿನಲ್ಲಿ ಬಾಗಿಲು ಹಾಕಿ, ಪಾತ್ರೆ ಮುಚ್ಚಿ, ದೀಪ ಆರಿಸಬೇಕೆಂದೂ ಅವರು ಕಲಿಸಿದರು (ಬುಖಾರಿ, ಮುಸ್ಲಿಮ್). ಹಾಸಿಗೆಗೆ ಹೋಗುವಾಗ ನಮಾಝ್‌ಗೆ ಮಾಡುವಂತೆ ವುಝೂ ಮಾಡಿ ಬಲಮಗ್ಗುಲಿಗೆ ಮಲಗುವುದು, ಮೊದಲು ಹಾಸಿಗೆಯನ್ನು ಕೊಡವುವುದು, ಕೊನೆಯ ಮೂರು ಸೂರಃಗಳನ್ನು ಓದಿ ಕೈಗಳಿಗೆ ಊದಿ ಮೈ ಸವರಿಕೊಳ್ಳುವುದು ಮುಂತಾದವೆಲ್ಲ ಹದೀಸ್‌ಗಳಲ್ಲಿವೆ.

ಇವುಗಳನ್ನು ಸಾಲಾಗಿಟ್ಟು ನೋಡಿ. ಮನೆ ಭದ್ರಪಡಿಸುವುದು, ಶುಚಿಯಾಗುವುದು, ಹಾಸಿಗೆ ಸಿದ್ಧಪಡಿಸುವುದು, ಅಲ್ಲಾಹನನ್ನು ಸ್ಮರಿಸುವುದು, ದೀಪ ಆರಿಸುವುದು. ಮಕ್ಕಳ ನಿದ್ದೆಯ ಬಗ್ಗೆ ಇಂದಿನ ವೈದ್ಯರು ನೀಡುವ ಸಲಹೆಯೂ ಇದಕ್ಕಿಂತ ಬಹಳ ದೂರವಿಲ್ಲ. ಪ್ರತಿ ರಾತ್ರಿ ಅದೇ ಕೆಲಸಗಳು ಅದೇ ಕ್ರಮದಲ್ಲಿ ನಡೆಯಲಿ ಎನ್ನುತ್ತಾರೆ ಅವರು. 2009ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 405 ತಾಯಂದಿರೂ ಅವರ ಪುಟ್ಟ ಮಕ್ಕಳೂ ಪಾಲ್ಗೊಂಡಿದ್ದರು. ಮಲಗುವ ಮುನ್ನ ಗೊತ್ತಾದ ಕ್ರಮವನ್ನು ಅನುಸರಿಸಿದ ಎರಡೇ ವಾರಗಳಲ್ಲಿ ಮಕ್ಕಳು ಬೇಗ ನಿದ್ದೆಹೋಗತೊಡಗಿದರು, ರಾತ್ರಿ ಎಚ್ಚರಗೊಳ್ಳುವುದು ಕಡಿಮೆಯಾಯಿತು. ತಾಯಂದಿರ ಮನಸ್ಸಿನ ಸ್ಥಿತಿಯೂ ಸುಧಾರಿಸಿತು.

ಲೆಕ್ಕ ಹಾಕಿ ನೋಡೋಣ

ಮಗುವಿಗೆ ಎಷ್ಟು ನಿದ್ದೆ ಬೇಕು? ಅಮೆರಿಕದ ನಿದ್ರಾವೈದ್ಯರ ಅಕಾಡೆಮಿಯು 2016ರಲ್ಲಿ ಹೇಳಿದಂತೆ ದಿನಕ್ಕೆ 3ರಿಂದ 5 ವರ್ಷದವರಿಗೆ 10ರಿಂದ 13 ಗಂಟೆ, 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ ಬೇಕು. ಇದನ್ನು ನಮ್ಮ ಊರಿನ ಹೊತ್ತಿಗೆ ಹೊಂದಿಸೋಣ. ಹೊಸಪೇಟೆ, ಕಂಪ್ಲಿ, ಸಂಡೂರಿನ ಕಡೆ ಇಶಾದ ಹೊತ್ತು ಚಳಿಗಾಲದಲ್ಲಿ ಏಳು ದಾಟುವಾಗ, ಜೂನ್-ಜುಲೈಯಲ್ಲಿ ಎಂಟು ದಾಟಿದ ಮೇಲೆ ಬರುತ್ತದೆ. ಏಳು ವರ್ಷದ ಮಗು ಎಂಟೂವರೆಗೆ ಮಲಗಿದರೆ ಬೆಳಿಗ್ಗೆ ಐದೂವರೆಗೆ ಒಂಬತ್ತು ಗಂಟೆ ಪೂರ್ಣವಾಗುತ್ತದೆ. ಆಗ ಫಜ್ರ್‌ಗೆ ಎಬ್ಬಿಸುವುದು ಮಗುವಿಗೆ ಕಷ್ಟವೆನಿಸದು. ಅದೇ ಮಗು ಹತ್ತೂವರೆಗೆ ಮಲಗಿದರೆ ಸಿಗುವುದು ಏಳೇ ಗಂಟೆ. ಅಂಥ ಮಗುವನ್ನು ಫಜ್ರ್‌ಗೆ ಎಬ್ಬಿಸುವಾಗ ನಮಾಝ್‌ನ ಮೇಲೆಯೇ ಅದಕ್ಕೆ ಬೇಸರ ಹುಟ್ಟುವಂತೆ ನಾವು ಮಾಡುತ್ತಿರುತ್ತೇವೆ. ಏಳು ವರ್ಷಕ್ಕೆ ಮಕ್ಕಳಿಗೆ ನಮಾಝ್ ಹೇಳಿಕೊಡಿ ಎಂಬ ಪ್ರವಾದಿ(ಸ)ರ ಆದೇಶವನ್ನು ಪಾಲಿಸಬಯಸುವವರು ತಯಾರಿಯನ್ನು ಹಿಂದಿನ ರಾತ್ರಿಯಿಂದಲೇ ಮಾಡಬೇಕಾಗುತ್ತದೆ.

ಆದ್ದರಿಂದ ಗಡಿಯಾರಕ್ಕಿಂತ ಇಶಾ ಅಝಾನ್‌ಗೆ ಗಂಟು ಹಾಕುವುದು ಸುಲಭ. ಮಗ್ರಿಬ್ ಬಳಿಕ ಊಟ, ಇಶಾ ಅಝಾನ್‌ನೊಂದಿಗೆ ಮಲಗುವ ಕೆಲಸಗಳ ಆರಂಭ. ಗಡಿಯಾರ ನೋಡಲು ಬಾರದ ಮಗುವೂ ಅಝಾನನ್ನು ಗುರುತಿಸುತ್ತದೆ.

ಕಾಲುವೆಯ ಪಾಠ

ಹಂಪಿಯ ಸುತ್ತ ಬಾಳೆ, ಕಬ್ಬಿನ ಗದ್ದೆಗಳ ನಡುವೆ ಹರಿಯುವ ತುರ್ತಾ ಕಾಲುವೆಯನ್ನು ನೀವು ನೋಡಿರಬಹುದು. ಹೊಸಪೇಟೆಯ ಬಸವಣ್ಣ ಕಾಲುವೆ, ರಾಯ ಕಾಲುವೆಗಳೂ ಅಂಥವೇ. ವಿಜಯನಗರದ ಕಾಲದಲ್ಲಿ ತೋಡಿದ ಆ ಕಾಲುವೆಗಳಲ್ಲಿ ಇಂದಿಗೂ ತುಂಗಭದ್ರೆಯ ನೀರು ಹರಿಯುತ್ತದೆ. ನೀರನ್ನು ಪ್ರತಿದಿನ ಯಾರೂ ಕೋಲು ಹಿಡಿದು ಅಟ್ಟುವುದಿಲ್ಲ. ದಾರಿ ಮಾಡಿಕೊಟ್ಟವರು ಒಮ್ಮೆ ಶ್ರಮಪಟ್ಟರು. ನಂತರದವರು ಹೂಳು ತೆಗೆಯುತ್ತ, ಒಡ್ಡು ಕಾಯುತ್ತ ಬಂದರು.

ಅಭ್ಯಾಸವೂ ಒಂದು ಕಾಲುವೆ. ಪ್ರತಿ ರಾತ್ರಿ ಕೂಗುವವರು ನೀರನ್ನು ಕೋಲಿನಿಂದ ಅಟ್ಟುತ್ತಿದ್ದಾರೆ ಎಂದೇ ಹೇಳಬೇಕು. ಕಾಲುವೆ ತೋಡಲು ಎಷ್ಟು ದಿನ ಬೇಕು? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಮಂದಿ ವಯಸ್ಕರ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಹೊಸ ಕೆಲಸ ತಾನಾಗಿಯೇ ನಡೆಯುವಷ್ಟು ರೂಢಿಯಾಗಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ 254 ದಿನ ಬೇಕೆಂದು ಅಂದಾಜಾಯಿತು. ನಡುವೆ ಒಂದು ದಿನ ತಪ್ಪಿದರೆ ಅದರಿಂದ ದೊಡ್ಡ ಹಾನಿಯಾಗಲಿಲ್ಲ. ಎಷ್ಟೇ ಚಿಕ್ಕದಿರಲಿ, ನಿರಂತರವಾಗಿ ಮಾಡುವ ಕರ್ಮವೇ ಅಲ್ಲಾಹನಿಗೆ ಅತ್ಯಂತ ಪ್ರಿಯವೆಂಬ ಪ್ರವಾದಿ ವಚನದ (ಬುಖಾರಿ, ಮುಸ್ಲಿಮ್) ಸಾರ ಇಲ್ಲಿ ನೆನಪಾಗುತ್ತದೆ.

ನಾನು ಮಾಡಿದ ತಪ್ಪು

ಮೊದಲ ಸಲ ನಾನು ಮಾಡಿದ್ದು ಗೋಡೆಯ ಪಟ್ಟಿ. ದೊಡ್ಡ ಹಾಳೆಯಲ್ಲಿ ಗೆರೆ ಎಳೆದು, ತಿಂಗಳ ದಿನಾಂಕಗಳನ್ನು ಬರೆದು, ಹಲ್ಲುಜ್ಜುವುದು, ವುಝೂ, ನಮಾಝ್, ದುಆ ಎಂದು ಮನೆಗಳನ್ನು ಮಾಡಿದೆ. ಮಾಡಿದ ಕೆಲಸಕ್ಕೊಂದು ನಕ್ಷತ್ರ. ನೂರು ನಕ್ಷತ್ರವಾದರೆ ತುಂಗಭದ್ರಾ ಜಲಾಶಯದ ಉದ್ಯಾನಕ್ಕೆ ಕರೆದೊಯ್ಯುವೆನೆಂದು ಏಳು ವರ್ಷದ ಮಗಳಿಗೆ ಮಾತು ಕೊಟ್ಟೆ. ಮೊದಲ ವಾರ ಸಂಭ್ರಮ. ಬಂದ ನೆಂಟರಿಗೆಲ್ಲ ಆ ಪಟ್ಟಿ ತೋರಿಸಿದೆ. “ನೋಡಿ, ನಮ್ಮ ಹುಡುಗಿ ಒಂದೂ ಬಿಟ್ಟಿಲ್ಲ” ಎಂದು ಹೊಗಳಿದೆ.

ಒಂದು ರಾತ್ರಿ ಬಚ್ಚಲಿಗೆ ಹೋದಾಗ ಅವಳ ಬ್ರಷ್ ಒಣಗಿತ್ತು. ಪಟ್ಟಿಯಲ್ಲಿ ನಕ್ಷತ್ರವಿತ್ತು. ಮರುದಿನವೂ ಹಾಗೆಯೇ. ಕರೆದು ಕೇಳಿದೆ. ತಲೆ ತಗ್ಗಿಸಿ ಸುಮ್ಮನಿದ್ದಳು. ನಾನು ಸುಳ್ಳಿನ ಪಾಪದ ಬಗ್ಗೆ ದೊಡ್ಡ ಉಪದೇಶವನ್ನೇ ಕೊಟ್ಟೆ. ಎಲ್ಲ ಕೇಳಿ ಮುಗಿದ ಮೇಲೆ ಅವಳು ಮೆಲ್ಲನೆ ಹೇಳಿದಳು: “ಅಬ್ಬಾ, ನೂರು ಹೋದ ವಾರವೇ ಆಗಿತ್ತು. ನೀವು ಎರಡು ಸಲ ನಾಳೆ ಅಂದಿರಿ.”

ನನ್ನ ಬಾಯಿ ಕಟ್ಟಿಹೋಯಿತು. ತರಗತಿಯಲ್ಲಿ ಎಷ್ಟೋ ಸಲ ಹೇಳಿಕೊಟ್ಟ ಹದೀಸ್ ಆಗ ನನ್ನನ್ನೇ ಕುರಿತು ಹೇಳಿದಂತಾಯಿತು. ಹ. ಅಬ್ದುಲ್ಲಾ ಬಿನ್ ಆಮಿರ್(ರ) ಚಿಕ್ಕವರಿದ್ದಾಗ ಅವರ ತಾಯಿ, ಬಾ, ಏನೋ ಕೊಡುತ್ತೇನೆ ಎಂದು ಕರೆದರು. ಏನು ಕೊಡಬೇಕೆಂದಿದ್ದೀರಿ ಎಂದು ಪ್ರವಾದಿ(ಸ)ರು ವಿಚಾರಿಸಿದರು. ಖರ್ಜೂರ ಎಂದು ಆಕೆ ಉತ್ತರಿಸಿದಾಗ, ಏನನ್ನೂ ಕೊಡದಿದ್ದರೆ ಅದು ನಿಮ್ಮ ಮೇಲೆ ಒಂದು ಸುಳ್ಳಾಗಿ ದಾಖಲಾಗುತ್ತಿತ್ತೆಂದು ಎಚ್ಚರಿಸಿದರು (ಅಬೂದಾವೂದ್). ನಮ್ಮ ಮನೆಯ ಗೋಡೆಯ ಮೇಲೆ ಮಗಳ ಎರಡು ಸುಳ್ಳು ನಕ್ಷತ್ರಗಳಿದ್ದವು. ನನ್ನ ಎರಡು ‘ನಾಳೆ’ಗಳಿಗೆ ಆ ಪಟ್ಟಿಯಲ್ಲಿ ಮನೆಯೇ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಆ ಭಾನುವಾರ ಉದ್ಯಾನಕ್ಕೆ ಕರೆದೊಯ್ದೆ. ಅವಳಲ್ಲಿ ಕ್ಷಮೆ ಕೇಳಿದೆ. ಬಂದು ಪಟ್ಟಿಯನ್ನು ಕಿತ್ತೆ. ಅದರಲ್ಲಿದ್ದ ದೋಷಗಳು ಆಗ ಸ್ಪಷ್ಟವಾದವು. ಒಂದನೆಯದಾಗಿ, ಕೆಲಸಕ್ಕಿಂತ ಗುರುತು ದೊಡ್ಡದಾಗಿತ್ತು. ಎರಡನೆಯದಾಗಿ, ಅದು ನೆಂಟರಿಗೆ ತೋರಿಸುವ ವಸ್ತುವಾಗಿತ್ತು. ಆರಾಧನೆಯನ್ನು ಜನರಿಗೆ ತೋರಿಸುವ ರಿಯಾವನ್ನು ನಾನೇ ಮಗುವಿನ ಎಳೆ ಮನಸ್ಸಿನಲ್ಲಿ ಬಿತ್ತುತ್ತಿದ್ದೆ. ಮೂರನೆಯದಾಗಿ, ಅದರಲ್ಲಿ ಹೆತ್ತವರ ಪಾಲಿನ ಕೆಲಸವೇ ಇರಲಿಲ್ಲ. ನಾನು ಲೆಕ್ಕ ನೋಡುವ ಮೇಸ್ತ್ರಿಯಾಗಿದ್ದೆ, ಅಷ್ಟೆ.

ದಾರ ಮತ್ತು ಚೀಟಿಗಳು

ಎರಡನೆಯ ಸಾಧನವನ್ನು ಮಗಳೇ ನನ್ನೊಂದಿಗೆ ಕುಳಿತು ಮಾಡಿದಳು. ಹಳೆಯ ಮದುವೆ ಕಾರ್ಡುಗಳಿಂದ ಅಂಗೈಯಗಲದ ಐದು ಚೀಟಿಗಳನ್ನು ಕತ್ತರಿಸಿ, ಮೇಲ್ತುದಿಯಲ್ಲಿ ರಂಧ್ರ ಮಾಡಿ, ಗಟ್ಟಿ ದಾರದಲ್ಲಿ ಪೋಣಿಸಿದೆವು. ದಾರವನ್ನು ಮಲಗುವ ಕೋಣೆಯಲ್ಲಿ, ಅವಳ ಎದೆಯೆತ್ತರಕ್ಕೆ, ಎರಡು ಮೊಳೆಗಳ ನಡುವೆ ಎಳೆದು ಕಟ್ಟಿದೆವು. ಎಲ್ಲ ಚೀಟಿಗಳೂ ಬಲಗಡೆ ಇರುತ್ತವೆ. ಒಂದು ಕೆಲಸ ಮುಗಿದೊಡನೆ ಮಗು ತನ್ನ ಕೈಯಾರೆ ಆ ಚೀಟಿಯನ್ನು ತಸ್ಬೀಹ್ ಮಣಿಯಂತೆ ಎಡಕ್ಕೆ ಸರಿಸುತ್ತದೆ. ಐದೂ ಎಡಕ್ಕೆ ಬಂದರೆ ರಾತ್ರಿಯ ಕೆಲಸ ಮುಗಿಯಿತು. ಬೆಳಿಗ್ಗೆ ಮಗುವೇ ಅವನ್ನು ಮರಳಿ ಬಲಕ್ಕೆ ತರುತ್ತದೆ. ನಿನ್ನೆಯ ಲೆಕ್ಕ ಎಲ್ಲೂ ಉಳಿಯುವುದಿಲ್ಲ.

ಚೀಟಿಗಳಲ್ಲಿ ಜೀವಿಗಳ ಚಿತ್ರ ಬೇಡವೆಂದು ವಸ್ತುಗಳನ್ನೇ ಬರೆದೆವು. ಕೆಳಗೆ ಕನ್ನಡದಲ್ಲಿ ಒಂದೊಂದೇ ಪದ. ನಮ್ಮ ಮಕ್ಕಳು ಮನೆಯಲ್ಲಿ ದಖ್ಖನಿ ಮಾತಾಡಿ, ಶಾಲೆಯಲ್ಲಿ ಕನ್ನಡ ಓದುವವರು. ಓದಲು ಬಾರದ ತಮ್ಮನಿಗೆ ಚಿತ್ರ ಸಾಕು, ಓದುವ ಅಕ್ಕನಿಗೆ ಪದವೂ ಆಯಿತು.

1. ಚೀಲ. ನಾಳೆಯ ಪುಸ್ತಕ, ಬಟ್ಟೆ ಸಿದ್ಧಪಡಿಸುವುದು. ಇದೇ ಹೊತ್ತಿಗೆ ಮನೆಯ ಮೊಬೈಲ್‌ಗಳನ್ನು, ತಂದೆಯದನ್ನೂ ಸೇರಿಸಿ, ಗೂಡಿನಲ್ಲಿಡುವುದು.

2. ಬ್ರಷ್. ಹಲ್ಲುಜ್ಜುವುದು, ಶೌಚ ಮುಗಿಸುವುದು. ಪ್ರವಾದಿ(ಸ)ರಿಗೆ ಮಿಸ್ವಾಕ್ ಎಷ್ಟು ಪ್ರಿಯವಾಗಿತ್ತೆಂದು ಮಕ್ಕಳಿಗೆ ಹೇಳಿ. ಇದಾದ ಮೇಲೆ ನೀರಲ್ಲದೆ ಬೇರೇನೂ ಬಾಯಿಗೆ ಹೋಗಬಾರದು.

3. ತಂಬಿಗೆ. ವುಝೂ ಮತ್ತು ಇಶಾ ನಮಾಝ್. ಏಳು ತುಂಬದ ಮಗು ಪಕ್ಕದಲ್ಲಿ ನಿಂತು ನಮ್ಮಂತೆ ಬಾಗಿ ಎದ್ದರೆ ಸಾಕು, ಒತ್ತಾಯ ಬೇಡ.

4. ಹಾಸಿಗೆ. ಹಾಸುವುದು, ಕೊಡವುವುದು, ಬಲಮಗ್ಗುಲಿಗೆ ಮಲಗುವುದು. ಮಕ್ಕಳಿಗೆ ಕೊಡವುವ ಕೆಲಸ ಬಹಳ ಇಷ್ಟ. ಹತ್ತು ವರ್ಷಕ್ಕೆ ಹಾಸಿಗೆ ಬೇರೆ ಮಾಡಬೇಕೆಂಬ ಆದೇಶಕ್ಕೂ ಇದು ಪೂರ್ವಸಿದ್ಧತೆ.

5. ದೀಪ. ಈ ಚೀಟಿ ಮಗುವಿನದಲ್ಲ, ತಂದೆ ಅಥವಾ ತಾಯಿಯದು. ನಾವು ಹಾಸಿಗೆಯ ಬದಿಯಲ್ಲಿ ಕುಳಿತು, ದುಆ ಓದಿಸಿ, ಒಂದು ಪ್ರವಾದಿಯ ಅಥವಾ ಸಹಾಬಿಯ ಕಥೆ ಹೇಳಿ, ದೀಪ ಆರಿಸಿ, ನಂತರವೇ ಈ ಚೀಟಿಯನ್ನು ಸರಿಸಬೇಕು. ನಾವು ಬಾರದಿದ್ದರೆ ಅದು ಬಲಗಡೆಯೇ ಉಳಿಯುತ್ತದೆ. ಬೆಳಿಗ್ಗೆ ಅದನ್ನು ಮಗು ನೋಡುತ್ತದೆ.

ಇದಕ್ಕೆ ಮೊಬೈಲ್‌ನಲ್ಲೇ ಆ್ಯಪ್‌ಗಳಿವೆಯಲ್ಲ ಎಂದು ಕೆಲವರು ಕೇಳಬಹುದು. ಇವೆ, ಗಂಟೆ ಬಾರಿಸುತ್ತವೆ, ಬಣ್ಣ ತೋರಿಸುತ್ತವೆ. ಆದರೆ ಕತ್ತಲಾದಾಗ ನಿದ್ದೆಗೆ ಸಿದ್ಧಪಡಿಸುವ ಮೆಲಟೋನಿನ್ ಎಂಬ ರಸ ದೇಹದಲ್ಲಿ ಒಸರುತ್ತದೆ. ಕಣ್ಣಿನೆದುರಿನ ಬೆಳಕು ಅದನ್ನು ತಡೆಯುತ್ತದೆ. ಅಲ್ಲದೆ ಮಲಗಲು ನೆನಪಿಸುವ ಅದೇ ಪೆಟ್ಟಿಗೆಯಲ್ಲಿ ಮಲಗಗೊಡದ ಆಟಗಳೂ ಇವೆ. ಆ್ಯಪ್ ಇದ್ದ ಮೇಲೆ ತಾವು ಹಾಸಿಗೆಯ ಬದಿಗೆ ಬರಬೇಕಾಗಿಲ್ಲವೆಂದು ಹೆತ್ತವರಿಗೂ ಅನಿಸಿಬಿಡುತ್ತದೆ.

ಬೇರೆ ಮನೆಗಳಲ್ಲಿ

ನಮ್ಮ ಮನೆಯ ದಾರ ಎಲ್ಲರ ಮನೆಗೂ ಹಾಗೆಯೇ ಹೊಂದುವುದಿಲ್ಲ. ಸಂಡೂರಿನ ಕಡೆಯ ಬಂಧುಗಳ ಮನೆಯಲ್ಲಿ ತಂದೆಗೆ ಕಾರ್ಖಾನೆಯ ಪಾಳಿ. ಎರಡನೆಯ ಪಾಳಿ ಮುಗಿಸಿ ಮನೆ ಸೇರುವಾಗ ಹತ್ತೂವರೆ ದಾಟುತ್ತದೆ. ತಂದೆಯ ಮುಖ ನೋಡಲು ಮಕ್ಕಳು ಎಚ್ಚರವಿರುತ್ತಿದ್ದರು. ಅವರನ್ನು ಬಯ್ಯಲು ಯಾರಿಗೆ ಮನಸ್ಸು ಬಂದೀತು? ಅವರು ಕಂಡುಕೊಂಡ ಉಪಾಯ ಇದು: ಪಾಳಿಯ ವಾರಗಳಲ್ಲಿ ದೀಪದ ಚೀಟಿ ತಾಯಿಯದು. ತಂದೆಗೆ ಬೇರೊಂದು ಚೀಟಿ, ಅದರ ಮೇಲೆ ಸೂರ್ಯನ ಚಿತ್ರ. ಫಜ್ರ್‌ಗೆ ಮಕ್ಕಳನ್ನು ಎಬ್ಬಿಸಿ ಮಾತಾಡಿಸಿ ಅವರು ಅದನ್ನು ಸರಿಸುತ್ತಾರೆ. ತಂದೆ ಬೆಳಿಗ್ಗೆ ಖಂಡಿತ ಸಿಗುತ್ತಾರೆಂಬ ಭರವಸೆ ಬಂದ ಮೇಲೆ ಮಕ್ಕಳು ಕಾಯುವುದನ್ನು ಬಿಟ್ಟರು.

ಕಂಪ್ಲಿಯ ಒಂದು ಕೂಡುಕುಟುಂಬದಲ್ಲಿ ದಾರವನ್ನು ಟಿ.ವಿ. ಇರುವ ಪಡಸಾಲೆಯಲ್ಲಿ ಕಟ್ಟಿದ್ದರು. ನಾಟಿಯ ದಿನಗಳಲ್ಲಿ ಗದ್ದೆಯಿಂದ ಬಂದ ತಾಯಿ ಮಕ್ಕಳಿಗಿಂತ ಮೊದಲೇ ನಿದ್ದೆಹೋಗುತ್ತಿದ್ದಳು. ದಾರವನ್ನು ಅಜ್ಜಿಯ ಮಂಚದ ಬಳಿಗೆ ಬದಲಾಯಿಸಿದರು. ದೀಪದ ಚೀಟಿ ಅಜ್ಜಿಯದಾಯಿತು. ಕಥೆಗಳೂ ಹೆಚ್ಚಾದವು.

ಹಂಪಿಗೆ ಪ್ರವಾಸಿಗರನ್ನು ಕರೆದೊಯ್ಯುವ ಆಟೋ ಚಾಲಕರೊಬ್ಬರ ಮನೆಯಲ್ಲಿ, ಚಳಿಗಾಲದ ಪ್ರವಾಸಿ ದಿನಗಳಲ್ಲಿ ಊಟವೇ ತಡ. ಐದೂ ಚೀಟಿ ಆಗದೆ ಜಗಳವಾಗುತ್ತಿತ್ತು. ತಡವಾದ ರಾತ್ರಿ ಬ್ರಷ್, ತಂಬಿಗೆ, ದೀಪ ಈ ಮೂರೇ ಸಾಕೆಂದು ಅವರು ಮೊದಲೇ ಗೊತ್ತುಮಾಡಿದರು. ಕೆಲಸ ಕಡಿಮೆಯಾಯಿತು, ಕ್ರಮ ಮಾತ್ರ ತಪ್ಪಲಿಲ್ಲ.

ಚೀಟಿ ಸರಿಸಿದ ಮಗುವನ್ನು ಪರೀಕ್ಷಿಸಲು ಬಚ್ಚಲಿಗೆ ಹೋಗಿ ಬ್ರಷ್ ಮುಟ್ಟಿ ನೋಡಬೇಡಿ. ಸಣ್ಣ ಮಗುವಾದರೆ ಜೊತೆಯಲ್ಲಿ ನಿಂತು ನೀವೂ ಹಲ್ಲುಜ್ಜಿ. ಯಾವುದಾದರೂ ಚೀಟಿ ಬಲಗಡೆಯೇ ಉಳಿದಿದ್ದರೆ, ಇದನ್ನು ಸರಿಸದೆ ಬಿಟ್ಟಿದ್ದು ಒಳ್ಳೆಯದಾಯಿತು, ಸತ್ಯ ಹೇಳಿದೆ ಎಂದು ಮೆಚ್ಚಿ. ನನ್ನ ಮಗಳು ಒಂದು ರಾತ್ರಿ ಸರಿಸಿದ ಚೀಟಿಯನ್ನು ಎದ್ದುಹೋಗಿ ಮತ್ತೆ ಬಲಕ್ಕೆ ತಂದಳು. “ಉಜ್ಜಿರಲಿಲ್ಲ” ಎಂದಳು. ಹಿಂದಿನ ನೂರು ನಕ್ಷತ್ರಗಳಿಗಿಂತ ಆ ಒಂದು ಚೀಟಿ ನನಗೆ ಹೆಚ್ಚು ಸಂತೋಷ ಕೊಟ್ಟಿತು.

ದಾರ ಬಿಚ್ಚುವ ದಿನ

ಸಾಧನವೆಂಬುದು ಶಾಶ್ವತವಲ್ಲ. ಕಟ್ಟಡ ಮುಗಿದ ಮೇಲೆ ಸಾರುವೆ ಕಳಚಲೇಬೇಕು. ಎರಡು ಮೂರು ತಿಂಗಳಲ್ಲಿ ಮಗು ಚೀಟಿ ನೋಡದೆಯೇ ಎಲ್ಲ ಮಾಡತೊಡಗಿದರೆ ದಾರ ಬಿಚ್ಚಿರಿ. ಆಗ ಚೀಟಿಗಳನ್ನು ಬೆರಳುಗಳಿಗೆ ವರ್ಗಾಯಿಸಿ. ಕಿರುಬೆರಳು ಚೀಲ, ಉಂಗುರಬೆರಳು ಬ್ರಷ್, ನಡುಬೆರಳು ತಂಬಿಗೆ, ತೋರುಬೆರಳು ಹಾಸಿಗೆ, ಹೆಬ್ಬೆರಳು ದೀಪ. ನೆಂಟರ ಮನೆಗೆ ಹೋದರೂ ಈ ಸಾಧನ ಮಗುವಿನ ಜೊತೆಗಿರುತ್ತದೆ.

ಬೆರಳೆಣಿಕೆಗೆ ನಮ್ಮಲ್ಲಿ ಹಿರಿಯ ಪರಂಪರೆಯಿದೆ. ಬೀಸುವ ಕಲ್ಲು ತಿರುಗಿಸಿ ಕೈ ನೊಂದ ಹ. ಫಾತಿಮಾ(ರ) ಸೇವಕರೊಬ್ಬರನ್ನು ಕೇಳಲು ಬಂದಾಗ, ಪ್ರವಾದಿ(ಸ)ರು ರಾತ್ರಿ ಮಗಳ ಮನೆಗೆ ಹೋಗಿ ಹಾಸಿಗೆಯ ಬಳಿ ಕುಳಿತು ಅದಕ್ಕಿಂತ ಉತ್ತಮವಾದುದನ್ನು ಕಲಿಸಿದರು. ಮಲಗುವಾಗ 33 ಸಲ ಸುಬ್‌ಹಾನಲ್ಲಾಹ್, 33 ಸಲ ಅಲ್‌ಹಮ್ದುಲಿಲ್ಲಾಹ್, 34 ಸಲ ಅಲ್ಲಾಹು ಅಕ್ಬರ್ (ಬುಖಾರಿ, ಮುಸ್ಲಿಮ್). ಮದುವೆಯಾದ ಮಗಳ ಹಾಸಿಗೆಯ ಬದಿಗೂ ಬಂದು ಕುಳಿತ ತಂದೆ ಅವರು. ದೀಪದ ಚೀಟಿ ಹೆತ್ತವರದೇ ಏಕೆ ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ. ಬೆರಳ ತುದಿಗಳಲ್ಲಿ ಎಣಿಸಿರಿ, ಅವುಗಳನ್ನು ಪ್ರಶ್ನಿಸಲಾಗುವುದು, ಅವು ಮಾತನಾಡುವುವು ಎಂಬರ್ಥದ ಉಪದೇಶವನ್ನು ಹ. ಯುಸೈರಾ(ರ) ವರದಿ ಮಾಡಿದ್ದಾರೆ (ಅಬೂದಾವೂದ್, ತಿರ್ಮಿದಿ). ಗೋಡೆಯ ಪಟ್ಟಿಯಲ್ಲಿ ಸುಳ್ಳು ನಕ್ಷತ್ರ ಬರೆಯಬಹುದು. ಬೆರಳುಗಳ ಸಾಕ್ಷ್ಯವನ್ನು ಯಾರೂ ತಿದ್ದಲಾರರು. ಇದನ್ನು ಮಗುವಿಗೆ ಹೆದರಿಸಲು ಹೇಳಬೇಡಿ. ನಿನ್ನ ಬೆರಳು ನಿನ್ನ ಪರವಾಗಿ ಹೇಳಲಿ ಎಂದು ಆಸೆ ಹುಟ್ಟುವಂತೆ ಹೇಳಿ.

ಇಂದು ರಾತ್ರಿ ಕೇಳಿಕೊಳ್ಳೋಣ

• ಮಗುವನ್ನು ಮಲಗು ಎಂದು ಕೂಗುವಾಗ ನನ್ನ ಕೈಯಲ್ಲಿ ಏನಿದೆ?

• ಮಗುವಿಗೆ ಕೊಟ್ಟು ಈಡೇರಿಸದ ಮಾತು ಯಾವುದಾದರೂ ಬಾಕಿಯಿದೆಯೇ?

• ಈ ವಾರ ಎಷ್ಟು ರಾತ್ರಿ ನಾನು ಹಾಸಿಗೆಯ ಬದಿಯಲ್ಲಿ ಕುಳಿತೆ?

• ನನ್ನ ಮಗು ದಿನದ ಕೊನೆಗೆ ಕೇಳುವ ಮಾತು ಗದರಿಕೆಯೋ, ದುಆಯೋ?

ಕೊನೆಯ ಪ್ರಶ್ನೆಗೆ ಉತ್ತರ ಸರಿಯಾಗಿದ್ದರೆ ದಾರ, ಚೀಟಿ ಯಾವುದೂ ಇಲ್ಲದಿದ್ದರೂ ನಡೆದೀತು. ಅಲ್ಲಾಹನು ನಮ್ಮ ಮಕ್ಕಳ ರಾತ್ರಿಗಳಿಗೆ ನೆಮ್ಮದಿಯನ್ನೂ ಅವರ ಫಜ್ರ್‌ಗೆ ಉಲ್ಲಾಸವನ್ನೂ ನಮ್ಮ ಮಾತುಗಳಿಗೆ ಸತ್ಯವನ್ನೂ ದಯಪಾಲಿಸಲಿ. ಆಮೀನ್.